ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು: ನಾವು ಕಂಡದ್ದು ತಿಳಿವಳಿಕೆ ಆಗುವುದು ಹೇಗೆ?

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಜನ ನಿಜವಾಗಿಯೂ ಹೆದರಿದ್ದರು. ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂದು ಸುದ್ದಿ ಬಂತು. ಅವರಲ್ಲಿ ಸಣ್ಣ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಉದ್ದುದ್ದ ಸಾಲು ನಿಂತಿತು. ಏನೂ ತೊಂದರೆ ಇಲ್ಲದವರೂ ಒಂದು ಸಲ ಇಸಿಜಿ ಮಾಡಿಸಿಬಿಡೋಣ ಎಂದು ಬಂದರು. ಕೋವಿಡ್ ಲಸಿಕೆಯೇ ಕಾರಣ ಇರಬಹುದಾ ಅನ್ನುವ ಮಾತು ಹೋಟೆಲು, ಬಸ್ಸು, ಮದುವೆಮನೆ ಎಲ್ಲ ಕಡೆ ಕೇಳಿಬಂತು.

ಆ ಸಾವುಗಳು ಸುಳ್ಳಲ್ಲ. ಪ್ರತಿಯೊಂದರ ಹಿಂದೆ ಒಂದು ಮನೆ ಇತ್ತು. ಆದರೆ "ಹಾಸನದಲ್ಲಿ ಏನೋ ಹೊಸದಾಗಿ ಶುರುವಾಗಿದೆ" ಅನ್ನುವುದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಕಂಡ ಸಾವುಗಳ ಮೇಲೆ ಕಟ್ಟಿಕೊಂಡ ತೀರ್ಮಾನ ಅದು. ಅದು ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ? ಬರೀ ನೋಡುವುದರಿಂದ ಜಗತ್ತು ಅರ್ಥವಾಗುತ್ತದಾ? ಅಥವಾ ನೋಡುವುದಕ್ಕೂ ಒಂದು ಕ್ರಮ ಇದೆಯಾ?

ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ

ಕಣ್ಣು, ಕಿವಿ, ಮೂಗು ಅಥವಾ ಒಂದು ಉಪಕರಣದಿಂದ ನಮಗೆ ನೇರವಾಗಿ ಗೊತ್ತಾಗುವುದನ್ನು ವೀಕ್ಷಣೆ ಅನ್ನುತ್ತಾರೆ. ಅದರಿಂದ ನಾವು ಊಹಿಸಿ ಹೇಳುವುದು ತೀರ್ಮಾನ.

"ಈ ಕಾಫಿ ಗಿಡದ ಎಲೆ ಹಳದಿಯಾಗಿದೆ" ಅನ್ನುವುದು ವೀಕ್ಷಣೆ. "ಈ ಗಿಡಕ್ಕೆ ಗೊಬ್ಬರ ಸಾಲದು" ಅನ್ನುವುದು ತೀರ್ಮಾನ. ಗೊಬ್ಬರ ಸಾಲದೆಯೂ ಎಲೆ ಹಳದಿಯಾಗಬಹುದು. ಬುಡದಲ್ಲಿ ನೀರು ನಿಂತರೂ ಆಗಬಹುದು. ಕಾಂಡದೊಳಗೆ ಬೋರರ್ ಹುಳು ಕೊರೆಯುತ್ತಿದ್ದರೂ ಆಗಬಹುದು. ಹಳದಿ ಎಲೆ ಕಂಡ ಕೂಡಲೇ ಯೂರಿಯಾ ಚೀಲ ಬಿಚ್ಚಿದರೆ ಮೂರರಲ್ಲಿ ಎರಡು ಕಾರಣಗಳಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಇಬ್ಬರು ಮೊದಲನೆಯ ಮಾತನ್ನು ಒಪ್ಪಿಕೊಂಡು ಎರಡನೆಯದಕ್ಕೆ ಜಗಳ ಆಡುವುದು ದಿನಾ ನಡೆಯುತ್ತದೆ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಅಂದಾಜು ತಪ್ಪಾಗಿದ್ದರೆ ನನಗೆ ಬೇರೆ ಏನು ಕಾಣಬೇಕಿತ್ತು? ಗೊಬ್ಬರದ್ದೇ ಕೊರತೆಯಾದರೆ ಪಕ್ಕದ ನಾಲ್ಕು ಗಿಡದಲ್ಲೂ ಅದರ ಗುರುತು ಇರಬೇಕು, ಅಲ್ವಾ? ಒಂದೇ ಗಿಡ ಹಳದಿಯಾಗಿ ಸುತ್ತಲಿನವು ಹಸಿರಾಗಿದ್ದರೆ ಕಾರಣವನ್ನು ಆ ಒಂದು ಗಿಡದಲ್ಲೇ ಹುಡುಕಬೇಕು. ಅಂದರೆ ಹಳದಿ ಗಿಡವನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಹಸಿರು ಗಿಡವನ್ನೂ ನೋಡಬೇಕು. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಇದೇ ಮಾತಿನ ವಿಸ್ತಾರ.

ಹಾಸನದ ಲೆಕ್ಕ

ಈಗ ಆ ಇಪ್ಪತ್ತು ಚಿಲ್ಲರೆ ಸಾವುಗಳಿಗೆ ಬರೋಣ. ಈ ಸಂಖ್ಯೆ ಜಾಸ್ತಿಯೋ ಕಡಿಮೆಯೋ ಎಂದು ಹೇಳಬೇಕಾದರೆ ಅದನ್ನು ಯಾವುದಕ್ಕಾದರೂ ಹೋಲಿಸಬೇಕು. ಮೊದಲು ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ ನೋಡೋಣ. 2011ರ ಜನಗಣತಿಯ ಪ್ರಕಾರ ಸುಮಾರು 17.76 ಲಕ್ಷ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ಸಾಯುತ್ತಾರೆ. ಸಾವಿರಕ್ಕೆ ಆರು ಎಂದು ಹಿಡಿದರೂ ಹಾಸನ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು, ದಿನಕ್ಕೆ ಸುಮಾರು 29 ಸಾವು. ನಲವತ್ತು ದಿನಕ್ಕೆ 1,100 ದಾಟುತ್ತದೆ. ದೇಶದ ಒಟ್ಟು ಸಾವುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆಗುತ್ತವೆ. ಹಾಗಾಗಿ ಯಾವ ವಿಶೇಷವೂ ಇಲ್ಲದ ನಲವತ್ತು ದಿನದಲ್ಲೂ ಈ ಜಿಲ್ಲೆಯಲ್ಲಿ ಅಂಥ ಸಾವು ಮುನ್ನೂರರ ಹತ್ತಿರ ಇರುತ್ತದೆ.

ಇದು ಒರಟು ಅಂದಾಜು. ಇದರಿಂದ ಎಲ್ಲ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಜನರಿಗೆ ಹೆದರಿಕೆ ಹುಟ್ಟಿಸಿದ್ದು ಸಣ್ಣ ವಯಸ್ಸಿನವರ ದಿಢೀರ್ ಸಾವು. ಅದಕ್ಕೆ ಉತ್ತರ ಬೇಕಾದರೆ ಸಣ್ಣ ವಯಸ್ಸಿನವರನ್ನು ಸಣ್ಣ ವಯಸ್ಸಿನವರಿಗೇ, ಈ ವರ್ಷವನ್ನು ಹೋದ ವರ್ಷಕ್ಕೇ ಹೋಲಿಸಬೇಕು. ಎಂಬತ್ತರ ಅಜ್ಜನ ಸಾವನ್ನೂ ಮೂವತ್ತರ ಹುಡುಗನ ಸಾವನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಏನೂ ತಿಳಿಯುವುದಿಲ್ಲ.

ರಾಜ್ಯ ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಸುದ್ದಿಯಾಗಿದ್ದ 24 ಸಾವುಗಳನ್ನು ಸಮಿತಿ ಒಂದೊಂದಾಗಿ ಬಿಡಿಸಿ ನೋಡಿತು. ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದ 20ರಲ್ಲಿ 10 ಹೃದಯದ ಕಾಯಿಲೆಯಿಂದ ಎಂದು ಖಚಿತವಾಯಿತು. ಇನ್ನು 10 "ಇರಬಹುದು" ಅನ್ನುವ ಗುಂಪಿನಲ್ಲೇ ಉಳಿದವು. ಹಿಂದಿನ ಅಂಕಿಗಳ ಜೊತೆ ಹೋಲಿಸಿದಾಗ ಅಸಹಜ ಏರಿಕೆ ಕಾಣಲಿಲ್ಲ ಎಂದು ಜುಲೈನಲ್ಲಿ ವರದಿ ಹೇಳಿತು.

ಆ "ಇರಬಹುದು" ಗುಂಪನ್ನು ಗಮನಿಸಿ. ಮನೆಯಲ್ಲೋ ದಾರಿಯಲ್ಲೋ ಕುಸಿದು ಬಿದ್ದು ತೀರಿಕೊಂಡವರಿಗೆ ಇಸಿಜಿಯೂ ಇಲ್ಲ, ಮರಣೋತ್ತರ ಪರೀಕ್ಷೆಯೂ ಇಲ್ಲ ಅಂದರೆ ಕಾರಣ ಗೊತ್ತಾಗುವ ದಾರಿಯೇ ಮುಚ್ಚಿಹೋಗುತ್ತದೆ. ಇನ್ನು ಮುಂದೆ ಆಸ್ಪತ್ರೆಯ ಹೊರಗೆ ಆಗುವ ದಿಢೀರ್ ಸಾವುಗಳನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದು ಸರ್ಕಾರ ಹೇಳಿದ್ದು ಇದಕ್ಕೇ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಸಂಗತಿ ಇದೇ. ಮುಂದಿನ ಸಲ ಇಂಥ ಭಯ ಹುಟ್ಟಿದಾಗ ಹೋಲಿಸಿ ನೋಡಲು ಒಂದು ಲೆಕ್ಕ ಇರುತ್ತದೆ.

ಇನ್ನೊಂದು ಮಾತು. ಹುಡುಕಲು ಶುರು ಮಾಡಿದರೆ ಸಿಗುವುದೂ ಜಾಸ್ತಿ. ಮೇ ತಿಂಗಳಿಗೆ ಮೊದಲು ಒಂದು ಹಳ್ಳಿಯ ಹೃದಯಾಘಾತ ಆ ಹಳ್ಳಿಯ ಸುದ್ದಿಯಾಗಿಯೇ ಉಳಿಯುತ್ತಿತ್ತು. ಜೂನ್‌ನಲ್ಲಿ ಅದೇ ಸುದ್ದಿ ರಾಜ್ಯದ ಎಲ್ಲ ಟಿವಿಗಳಲ್ಲಿ ಬಂತು. ಸಾವು ಹೆಚ್ಚಾಯಿತೋ ನಮ್ಮ ಗಮನ ಹೆಚ್ಚಾಯಿತೋ ಎಂದು ಬೇರೆ ಮಾಡಿ ನೋಡದಿದ್ದರೆ ಎರಡೂ ಒಂದೇ ಥರ ಕಾಣುತ್ತವೆ.

ಇರುವೆ ಮೊಟ್ಟೆ ಹೊತ್ತರೆ ಮಳೆ ಬರುತ್ತದಾ?

ಮಲೆನಾಡಿನಲ್ಲಿ ಈ ಮಾತು ಎಲ್ಲರಿಗೂ ಗೊತ್ತು: ಇರುವೆಗಳು ಮೊಟ್ಟೆ ಹೊತ್ತು ಸಾಲು ಹಿಡಿದರೆ ಮಳೆ ಗ್ಯಾರಂಟಿ. ಇದನ್ನು ಪರೀಕ್ಷೆ ಮಾಡುವುದು ಹೇಗೆ?

ಸಾಮಾನ್ಯವಾಗಿ ನಾವು ಇರುವೆ ಸಾಲು ಕಂಡು ಮಳೆಯೂ ಬಂದ ದಿನಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಅಂಥ ದಿನ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ದಿನಗಳಲ್ಲಿ ನಾಲ್ಕು ಥರ ಇವೆ. ಇರುವೆ ಕಂಡಿತು, ಮಳೆ ಬಂತು. ಇರುವೆ ಕಂಡಿತು, ಮಳೆ ಬರಲಿಲ್ಲ. ಇರುವೆ ಕಾಣಲಿಲ್ಲ, ಆದರೂ ಮಳೆ ಬಂತು. ಇರುವೆಯೂ ಇಲ್ಲ, ಮಳೆಯೂ ಇಲ್ಲ. ಕೊನೆಯ ಥರದ ದಿನವನ್ನಂತೂ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಅದರಲ್ಲಿ ನೆನಪಿಡುವಂಥದ್ದು ಏನೂ ನಡೆದೇ ಇಲ್ಲವಲ್ಲ.

ಲೆಕ್ಕ ಸುಲಭವಾಗಲಿ ಎಂದು ನಾನೇ ಅಂಕಿ ಇಡುತ್ತೇನೆ. ಮೂಡಿಗೆರೆಯ ಮಳೆಗಾಲದ ತೊಂಬತ್ತು ದಿನ ಅಂದುಕೊಳ್ಳಿ. ಇರುವೆ ಸಾಲು ಕಂಡ ದಿನ 30. ಅದರಲ್ಲಿ ಮಳೆ ಬಂದದ್ದು 24 ದಿನ. ನೂರಕ್ಕೆ ಎಂಬತ್ತು! ಇಷ್ಟು ಕೇಳಿದರೆ ಗಾದೆ ಗೆದ್ದ ಹಾಗೆ. ಆದರೆ ಇರುವೆ ಕಾಣದ 60 ದಿನಗಳಲ್ಲಿ 48 ದಿನ ಮಳೆ ಬಂದಿದ್ದರೆ? ಅದೂ ನೂರಕ್ಕೆ ಎಂಬತ್ತೇ. ಮಳೆಗಾಲದ ಮೂಡಿಗೆರೆಯಲ್ಲಿ ಮಳೆ ಹೇಗಿದ್ದರೂ ಬರುತ್ತದೆ. ಇರುವೆಯಿಂದ ಹೊಸದೇನೂ ತಿಳಿಯಲಿಲ್ಲ. ಅದೇ ಪರೀಕ್ಷೆಯನ್ನು ಮಾರ್ಚ್, ಏಪ್ರಿಲ್‌ನಲ್ಲಿ ಮಾಡಿದರೆ ಉತ್ತರ ಬೇರೆ ಬಂದರೂ ಬರಬಹುದು. ಗಾದೆಯನ್ನು ಸುಮ್ನೆ ನಂಬುವುದೂ ಬೇಡ, ಸುಮ್ನೆ ತಳ್ಳಿಹಾಕುವುದೂ ಬೇಡ. ನಾಲ್ಕೂ ಥರದ ದಿನ ಎಣಿಸಿದರೆ ಅದೇ ಹೇಳುತ್ತದೆ.

ಮಳೆ ನಕ್ಷತ್ರಗಳ ವಿಷಯ ಇನ್ನೂ ಚೆನ್ನಾಗಿದೆ. ಭರಣಿ, ರೋಹಿಣಿ, ಆರಿದ್ರಾ, ಪುಷ್ಯ, ಮಘೆ ಎಂದು ರೈತರು ಹೇಳುವುದು ಸೂರ್ಯ ಆಯಾ ನಕ್ಷತ್ರದಲ್ಲಿರುವ ಅವಧಿಯನ್ನು. ವರ್ಷಕ್ಕೆ 27 ನಕ್ಷತ್ರ, ಒಂದಕ್ಕೆ ಹದಿಮೂರು ಹದಿನಾಲ್ಕು ದಿನ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು" ಅನ್ನುವ ಗಾದೆಯ ಹಿಂದೆ ಆಗಸ್ಟ್ ಮಳೆ ಪೈರಿಗೆ ಎಷ್ಟು ಬೇಕು ಅನ್ನುವ ತಲೆಮಾರುಗಳ ಅನುಭವ ಇದೆ. ಮಳೆಮಾಪಕ ಇಲ್ಲದ ಕಾಲದಲ್ಲಿ ಇಷ್ಟನ್ನು ಕಂಡುಕೊಂಡು ಬಾಯಿಂದ ಬಾಯಿಗೆ ದಾಟಿಸಿದ್ದು ದೊಡ್ಡ ಕೆಲಸ.

ಆದರೆ ಆಕಾಶವೂ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಭೂಮಿಯ ಅಕ್ಷದ ದಿಕ್ಕು ಬಹಳ ನಿಧಾನವಾಗಿ ತಿರುಗುತ್ತಿದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದರಿಂದ ಸುಮಾರು 72 ವರ್ಷಕ್ಕೊಮ್ಮೆ ನಕ್ಷತ್ರದ ದಿನ ಋತುವಿಗಿಂತ ಒಂದು ದಿನ ತಡವಾಗುತ್ತದೆ. ಈಗ ಆರಿದ್ರಾ ಶುರುವಾಗುವುದು ಜೂನ್ 21, 22ರ ಸುಮಾರಿಗೆ. ಐನೂರು ವರ್ಷದ ಹಿಂದೆ ಋತುವಿನ ಲೆಕ್ಕದಲ್ಲಿ ಅದು ಏಳು ದಿನ ಮೊದಲೇ ಬರುತ್ತಿತ್ತು. ಗಾದೆ ಹಳೆಯದಾದಷ್ಟೂ ಅದನ್ನು ಇವತ್ತಿನ ಮಳೆಯ ಜೊತೆ ಮತ್ತೆ ತಾಳೆ ಹಾಕಬೇಕಾಗುತ್ತದೆ.

ತೋಟದ ಮಳೆ ಪುಸ್ತಕ

ವೀಕ್ಷಣೆಯನ್ನು ಕ್ರಮವಾಗಿ ಮಾಡುವುದು ಅಂದರೆ ಏನು ಎಂದು ನೋಡಬೇಕಾದರೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಕಾಫಿ ತೋಟಕ್ಕೆ ಹೋಗಬೇಕು. ಅಜ್ಜನ ಕಾಲದಿಂದ ಮಳೆ ಬರೆದಿಟ್ಟುಕೊಂಡು ಬಂದ ಮನೆಗಳಿವೆ. ಬೆಳಿಗ್ಗೆ ಫೋನಿನಲ್ಲಿ ಮೊದಲ ಪ್ರಶ್ನೆಯೇ "ನಿಮ್ಮಲ್ಲಿ ಎಷ್ಟು?" ಉತ್ತರ: "ಒಂದು ಇಂಚು ಇಪ್ಪತ್ತು ಸೆಂಟ್." ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಹಾಗಾಗಿ ಒಂದು ಇಂಚು ಇಪ್ಪತ್ತು ಸೆಂಟ್ ಅಂದರೆ 30 ಮಿ.ಮೀ. ಚಿಲ್ಲರೆ. ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನೆಲದ ಮೇಲೆ ನಿಂತಿದ್ದರೆ ಎಷ್ಟು ಎತ್ತರ ಬರುತ್ತಿತ್ತೋ ಅದೇ ಮಳೆಯ ಅಳತೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಅಂದರೆ ಸರಿಯಾಗಿ ಒಂದು ಲೀಟರ್ ನೀರು.

ಅಳೆಯುವುದರಲ್ಲೂ ಒಪ್ಪಂದಗಳಿವೆ. ಹವಾಮಾನ ಇಲಾಖೆಯ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ಆ ಹೊತ್ತಿಗೆ ಹಿಂದಿನ 24 ಗಂಟೆಯ ಮಳೆ ಅಳೆದು ಆ ದಿನದ ತಾರೀಕಿಗೆ ಬರೆಯುತ್ತಾರೆ. ಜುಲೈ 4ರ ರಾತ್ರಿ ಸುರಿದ ಮಳೆ ಪುಸ್ತಕದಲ್ಲಿ ಜುಲೈ 5ಕ್ಕೆ ಇರುತ್ತದೆ. ಒಬ್ಬರು ಹೀಗೆ, ಪಕ್ಕದವರು ಮಧ್ಯರಾತ್ರಿಗೆ ದಿನ ಮುಗಿಸಿ ಬರೆದರೆ ಎರಡು ಪುಸ್ತಕ ತಾಳೆ ಆಗುವುದೇ ಇಲ್ಲ. ಇಬ್ಬರೂ ಸರಿಯಾಗೇ ಅಳೆದಿರುತ್ತಾರೆ, ಆದರೂ! ಮಾಪಕ ಇಡುವ ಜಾಗವೂ ಅಷ್ಟೇ ಮುಖ್ಯ. ಸಿಲ್ವರ್ ಓಕ್ ಮರದ ಕೆಳಗಿಟ್ಟರೆ ಮಳೆ ನಿಂತ ಮೇಲೂ ಎಲೆಯಿಂದ ತೊಟ್ಟಿಕ್ಕುತ್ತದೆ. ಗಾಳಿ ಬಂದರೆ ಮರ ಮಳೆಯನ್ನು ತಡೆಯುತ್ತದೆ. ಹತ್ತಿರದ ಮರ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದರೂ ದೂರ ಇಡಬೇಕು. ಅಳತೆ ಗಾಜಿನಲ್ಲಿ ನೀರು ಅಂಚಿಗೆ ಸ್ವಲ್ಪ ಏರಿ, ನಡುವೆ ತಗ್ಗಾಗಿ ನಿಲ್ಲುತ್ತದೆ. ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಆ ತಗ್ಗಿನ ಅಂಕಿ ಓದಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಅಂಕಿ ಜಾಸ್ತಿ ಕಾಣುತ್ತದೆ.

ಮಳೆ ಬರದ ದಿನ ಸೊನ್ನೆ ಬರೆಯಬೇಕು. ಖಾಲಿ ಬಿಡಬಾರದು. ಸೊನ್ನೆ ಅಂದರೆ ನೋಡಿದ್ದೇನೆ, ಮಳೆ ಇರಲಿಲ್ಲ ಎಂದು. ಖಾಲಿ ಅಂದರೆ ಆ ದಿನ ಯಾರೂ ನೋಡಲಿಲ್ಲ ಎಂದು. ಹತ್ತು ವರ್ಷದ ನಂತರ ಪುಸ್ತಕ ತೆರೆದವರಿಗೆ ಈ ವ್ಯತ್ಯಾಸ ಗೊತ್ತಾಗಬೇಕಾದರೆ ಬೇರೆ ದಾರಿ ಇಲ್ಲ.

ಇಷ್ಟು ಕಷ್ಟ ಯಾಕೆ? ಹೂಮಳೆಯ ಕಾಲದಲ್ಲಿ ಉತ್ತರ ಸಿಗುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಒಂದು ಒಳ್ಳೆಯ ಮಳೆ, ಸುಮಾರು ಒಂದು ಇಂಚು, ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಹೂ ಬಿಡುತ್ತದೆ. ಮಳೆ ಸಾಲದಾದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಹೂ ಬಿಟ್ಟ ಮೇಲೆ ಕೆಲವು ವಾರದೊಳಗೆ ಬ್ಯಾಕಿಂಗ್ ಮಳೆ ಅನ್ನುವ ಎರಡನೇ ಮಳೆ ಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದು ಕಷ್ಟ. ಅರಳಿದ ದಿನವೇ ಜೋರು ಮಳೆ ಹೊಡೆದರೆ ಪರಾಗ ಕೊಚ್ಚಿಹೋಗುತ್ತದೆ. ರೊಬಸ್ಟಾ ಜಾತಿಯ ಕಾಫಿಗೆ ಇದರ ಪೆಟ್ಟು ಜಾಸ್ತಿ, ಯಾಕೆಂದರೆ ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಬಿದ್ದದ್ದು ನಲವತ್ತು ಸೆಂಟೋ ತೊಂಬತ್ತು ಸೆಂಟೋ ಅನ್ನುವುದರ ಮೇಲೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ಮಾಲೀಕರು ಆ ಬೆಳಿಗ್ಗೆಯೇ ನಿರ್ಧಾರ ಮಾಡಬೇಕು. "ರಾತ್ರಿ ಚೆನ್ನಾಗಿ ಬಂತು" ಅನ್ನುವ ಅಂದಾಜಿನಲ್ಲಿ ವರ್ಷದ ಫಸಲನ್ನು ಪಣಕ್ಕಿಡಲು ಯಾರೂ ತಯಾರಿಲ್ಲ. ಹೆಂಚಿನ ಮನೆಯೊಳಗೆ ಮಲಗಿ ಕೇಳಿದ ಮಳೆಗೂ ಶೀಟಿನ ಮನೆಯೊಳಗೆ ಮಲಗಿ ಕೇಳಿದ ಮಳೆಗೂ ಸದ್ದೇ ಬೇರೆ.

ಮೈಲುತುತ್ತು, ಸುಣ್ಣ ಮತ್ತು ದಾರಿ ಬದಿಯ ದ್ರಾಕ್ಷಿ

ಮಳೆಗಾಲ ಹಿಡಿಯುವ ಮೊದಲು ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಈ ಔಷಧಿ ಹುಟ್ಟಿದ್ದು ಫ್ರಾನ್ಸಿನಲ್ಲಿ, ಒಬ್ಬರು ದಾರಿ ಬದಿಯಲ್ಲಿ ಕಂಡ ಒಂದು ವಿಚಿತ್ರದಿಂದ.

1880ರ ದಶಕದಲ್ಲಿ ಅಲ್ಲಿನ ಬೋರ್ಡೋ ನಗರದ ಸುತ್ತಲಿನ ದ್ರಾಕ್ಷಿ ತೋಟಗಳಿಗೆ ಬೂಜು ರೋಗ ಬಿದ್ದಿತ್ತು. ಎಲೆಯೆಲ್ಲ ಉದುರಿ ಬಳ್ಳಿ ಬೋಳಾಗುತ್ತಿತ್ತು. 1882ರ ಅಕ್ಟೋಬರ್‌ನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಪಿಯೆರ್ ಮಿಲಾರ್ಡೆ ಮೆಡಾಕ್ ಪ್ರದೇಶದ ತೋಟವೊಂದರ ಪಕ್ಕ ಹೋಗುವಾಗ ಒಂದು ವ್ಯತ್ಯಾಸ ಕಂಡರು. ದಾರಿಗೆ ತಾಗಿದ ಸಾಲುಗಳಲ್ಲಿ ಎಲೆ ಉಳಿದಿತ್ತು. ಒಳಗಿನ ಸಾಲುಗಳು ಬೋಳಾಗಿದ್ದವು. ದಾರಿ ಬದಿಯ ಎಲೆಗಳ ಮೇಲೆ ನೀಲಿ ಛಾಯೆಯ ಪುಡಿ ಇತ್ತು. ವಿಚಾರಿಸಿದಾಗ ಗೊತ್ತಾಯಿತು: ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಎಂದು ತೋಟದವರು ಮೈಲುತುತ್ತು, ಸುಣ್ಣ ಕಲಸಿ ಬಳಿದಿದ್ದರು. ನೋಡಲು ವಿಷದ ಹಾಗೆ ಕಂಡರೆ ಯಾರೂ ಮುಟ್ಟುವುದಿಲ್ಲ ಅನ್ನುವುದು ಅವರ ಲೆಕ್ಕ.

ಆ ದಾರಿಯಲ್ಲಿ ಓಡಾಡಿದ ಬೇರೆಯವರೂ ಆ ಎಲೆಗಳನ್ನು ನೋಡಿರುತ್ತಾರೆ. ಮಿಲಾರ್ಡೆ ರೋಗದ ಬಗ್ಗೆ ಮೊದಲೇ ಕೆಲಸ ಮಾಡುತ್ತಿದ್ದರು. ಹಾಗಾಗಿ ಎಲೆ ಉಳಿದದ್ದು ಅವರಿಗೆ ಪ್ರಶ್ನೆಯಾಗಿ ಕಂಡಿತು. ಆದರೂ ಅವರು ಅಲ್ಲೇ ತೀರ್ಮಾನಕ್ಕೆ ಬರಲಿಲ್ಲ. ದಾರಿ ಬದಿಯ ಬಳ್ಳಿಗೆ ಬಿಸಿಲು ಜಾಸ್ತಿ ಬೀಳಬಹುದು. ಗಾಳಿ ಚೆನ್ನಾಗಿ ಆಡಬಹುದು. ದಾರಿಯ ಧೂಳೇ ಕಾರಣ ಇರಬಹುದು. ಅವರು ತಮ್ಮ ಜೊತೆಗಾರರೊಂದಿಗೆ ಪ್ರಯೋಗ ಮಾಡಿದರು. ಕೆಲವು ಬಳ್ಳಿಗೆ ಹೊಡೆದು, ಕೆಲವನ್ನು ಹಾಗೇ ಬಿಟ್ಟು, ಎರಡನ್ನೂ ಹೋಲಿಸಿದರು. ಫಲಿತಾಂಶ ಪ್ರಕಟಿಸಿದ್ದು 1885ರಲ್ಲಿ. ಕಂಡ ಕ್ಷಣಕ್ಕೂ ಹೇಳಿದ ದಿನಕ್ಕೂ ನಡುವೆ ಸುಮಾರು ಮೂರು ವರ್ಷ.

ಸುಮ್ಮನೆ ನೋಡುವುದಕ್ಕೂ ಪ್ರಯೋಗಕ್ಕೂ ವ್ಯತ್ಯಾಸ ಇಲ್ಲಿದೆ. ವೀಕ್ಷಣೆಯಲ್ಲಿ ಜಗತ್ತು ಹೇಗಿದೆಯೋ ಹಾಗೆ ನೋಡುತ್ತೇವೆ. ಪ್ರಯೋಗದಲ್ಲಿ ಒಂದೇ ಒಂದು ಸಂಗತಿ ಬದಲಾಯಿಸಿ, ಉಳಿದದ್ದನ್ನು ಹಾಗೇ ಇಟ್ಟು ನೋಡುತ್ತೇವೆ. ಬಿಸಿಲು, ಗಾಳಿ, ಧೂಳು ಎಲ್ಲ ಸಮ ಇದ್ದು ಔಷಧಿ ಮಾತ್ರ ಬೇರೆಯಾದರೆ, ಆಮೇಲೆ ಕಂಡ ವ್ಯತ್ಯಾಸಕ್ಕೆ ಕಾರಣ ಯಾವುದು ಎಂದು ಧೈರ್ಯವಾಗಿ ಹೇಳಬಹುದು.

ಆ ಔಷಧಿ ಇಲ್ಲಿಗೆ ಬಂದದ್ದು ಕೆನಡಾದ ಲೆಸ್ಲಿ ಕೋಲ್ಮನ್ ಮೂಲಕ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಅವರು ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು. ಅದಕ್ಕೂ ಮುಂಚೆ ನಮ್ಮ ಬೆಳೆಗಾರರು ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಿದ್ದರು. ಮಳೆ ನೀರು ಗೊನೆಗೆ ತಾಗದಿದ್ದರೆ ಕೊಳೆ ಕಡಿಮೆ ಅನ್ನುವುದು ಅವರೇ ಕಂಡುಕೊಂಡದ್ದು. ಸೂಕ್ಷ್ಮದರ್ಶಕ ಅದರ ಕಾರಣ ತೋರಿಸಿತು: ಕೊಳೆ ತರುವ ಜೀವಿಯ ಬೀಜಕಣಗಳು ನೀರಿನ ಪದರದಲ್ಲಿ ಈಜಿ ಹರಡುತ್ತವೆ. ತಾಮ್ರ ಅವನ್ನು ಕೊಲ್ಲುತ್ತದೆ. ಕೊಟ್ಟೆ ಕಟ್ಟಿದವರ ವೀಕ್ಷಣೆಯೂ ಸರಿ, ಸೂಕ್ಷ್ಮದರ್ಶಕದ್ದೂ ಸರಿ. ಒಂದು ಏನಾಗುತ್ತದೆ ಎಂದು ಹೇಳಿತು, ಇನ್ನೊಂದು ಯಾಕೆ ಎಂದು. ಕಾಫಿಗೆ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರ ಇದೇ ಥರದ ಕೆಲಸವನ್ನು ಇಂದಿಗೂ ಮಾಡುತ್ತಿದೆ.

ಬೋರ್ಡೋ ಕಲಸುವಾಗ ಒಂದು ಪುಟ್ಟ ಪರೀಕ್ಷೆ ಇದೆ. ಸ್ವಚ್ಛವಾದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಹಾಗೇ ಹೊಡೆದರೆ ಎಳೆ ಭಾಗ ಸುಡುತ್ತದೆ. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದುತ್ತಾರೆ, ಅಲಗು ಹಾಗೇ ಹೊಳೆಯುವ ತನಕ.

ಕಣ್ಣಿಗೂ ಕಲಿಕೆ ಬೇಕು

ಅರೇಬಿಕಾ ಕಾಫಿ ತೋಟಗಳಲ್ಲಿ ವರ್ಷಕ್ಕೆ ಎರಡು ಸಲ, ಬೋರರ್ ಹುಳು ದುಂಬಿಯಾಗಿ ಹೊರಬರುವ ಕಾಲಕ್ಕೆ ಮೊದಲು, ಬೋರರ್ ಟ್ರೇಸಿಂಗ್, ಅಂದರೆ ಹುಳು ಹಿಡಿದ ಗಿಡ ಹುಡುಕುವ ಕೆಲಸ ನಡೆಯುತ್ತದೆ. ಹುಳು ತೊಗಟೆಯಡಿ ಕೊರೆದ ಕಡೆ ಕಾಂಡದ ಮೇಲೆ ಸಣ್ಣ ಏಣು ಎದ್ದಿರುತ್ತದೆ. ಅನುಭವ ಇರುವ ಹೆಣ್ಣಾಳು ನಡೆಯುತ್ತಲೇ ಗಿಡ ಹಿಡಿದು ತೋರಿಸುತ್ತಾರೆ. ಹೊಸಬರು ಅದೇ ಗಿಡದ ಮುಂದೆ ನಿಂತರೂ ಬರೀ ತೊಗಟೆ ಕಾಣುತ್ತದೆ. ಇಬ್ಬರ ಕಣ್ಣಿಗೂ ಬೀಳುವ ಬೆಳಕು ಒಂದೇ. ಏನು ಹುಡುಕಬೇಕು ಎಂದು ಗೊತ್ತಿರುವವರಿಗೆ ಅದು ಕಾಣುತ್ತದೆ. ಇದರ ಇನ್ನೊಂದು ಮುಖವೂ ಇದೆ: ಬೋರರ್ ಹುಡುಕುವ ಕಣ್ಣಿಗೆ ಕೆಲವು ಸಲ ಬೇರೆ ಗಾಯವೂ ಬೋರರ್ ಆಗಿ ಕಾಣುತ್ತದೆ. ಅದಕ್ಕೇ ಅನುಮಾನ ಬಂದ ಕಾಂಡವನ್ನು ಸೀಳಿ ನೋಡುತ್ತಾರೆ.

ಒಂದು ಅಗುಳು ಯಾವಾಗ ಸಾಕು?

ಅನ್ನ ಬೆಂದಿದೆಯಾ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಅದು ಸಾಕಾಗುವುದು ಅಕ್ಕಿ ಒಂದೇ, ನೀರು ಒಂದೇ, ಉರಿ ಒಂದೇ ಆಗಿರುವುದರಿಂದ. ಎಲ್ಲ ಕಡೆ ಸಮ ಇಲ್ಲದ ಜಾಗದಲ್ಲಿ ಈ ಉಪಾಯ ನಡೆಯುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. ಘಟ್ಟದ ಅಂಚಿನ ಕೊಟ್ಟಿಗೆಹಾರದಲ್ಲಿ ಛತ್ರಿ ತಡೆಯದಂಥ ಮಳೆ. ಅದೇ ಜಿಲ್ಲೆಯ ಕಡೂರಿನಲ್ಲಿ ವರ್ಷಕ್ಕೆ ಆರೇಳು ನೂರು ಮಿ.ಮೀ. ಮಾತ್ರ. ಪಶ್ಚಿಮದಿಂದ ಬರುವ ಮೋಡ ಘಟ್ಟ, ಬಾಬಾಬುಡನ್‌ಗಿರಿ ಸಾಲು ಏರುವಾಗ ತಣ್ಣಗಾಗಿ ಮಳೆ ಸುರಿಸಿಬಿಡುತ್ತದೆ. ಆಚೆಗೆ ಇಳಿಯುವ ಹೊತ್ತಿಗೆ ನೀರು ಖಾಲಿ. ಹಾಸನದಲ್ಲಿ ಸಕಲೇಶಪುರ, ಅರಸೀಕೆರೆಗಳ ಕಥೆಯೂ ಹೀಗೇ. ಜಿಲ್ಲೆಯ "ಸರಾಸರಿ ಮಳೆ" ಎಂದು ಓದಿದಾಗ ಆ ಸರಾಸರಿ ಯಾವ ಊರಿನಲ್ಲೂ ಬೀಳದೇ ಇರಬಹುದು. ಅದಕ್ಕೇ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಹಾಕಿದ್ದಾರೆ.

ಎಣಿಕೆಯಲ್ಲಿ ಇದಕ್ಕೆ ಉಲ್ಟಾ ತೊಂದರೆಯೂ ಇದೆ: ಒಂದನ್ನೇ ಎರಡು ಸಲ ಎಣಿಸುವುದು. ಸಕಲೇಶಪುರ, ಆಲೂರು, ಬೇಲೂರಿನ ಕಡೆ ಆನೆ ಬಂದ ರಾತ್ರಿ ಮೊಬೈಲಿಗೆ ಸಂದೇಶದ ಮೇಲೆ ಸಂದೇಶ. ಮೂರು ತೋಟದಿಂದ "ಹತ್ತು ಆನೆ ಇವೆ" ಎಂದು ಬಂದರೆ ಮೂವತ್ತು ಆನೆ ಎಂದಲ್ಲ. ಒಂದೇ ಹಿಂಡು ಮೂರು ತೋಟ ದಾಟಿರಬಹುದು. ಯಾವ ಹೊತ್ತು, ಯಾವ ದಿಕ್ಕಿಗೆ, ಮರಿ ಎಷ್ಟು ಎಂದು ಜೊತೆಗೆ ಬರೆದರೆ ಆನೆ ಕಾರ್ಯಪಡೆಯವರಿಗೆ ಅದನ್ನು ಬಿಡಿಸಿಕೊಳ್ಳಲು ಆಗುತ್ತದೆ. ಕೆಸರಿನಲ್ಲಿ ಮುಂಗಾಲಿನ ಹೆಜ್ಜೆ ಸ್ಪಷ್ಟವಾಗಿದ್ದರೆ ಅದರ ಸುತ್ತಳತೆ ಅಳೆಯಬಹುದು. ಅದರ ಎರಡರಷ್ಟು ಹೆಚ್ಚುಕಡಿಮೆ ಆ ಆನೆಯ ಭುಜದ ಎತ್ತರ. ಸುತ್ತಳತೆ ನಾಲ್ಕು ಅಡಿ ಇದ್ದರೆ ಆನೆ ಎಂಟು ಅಡಿಯ ಸುಮಾರು. ಆನೆಯನ್ನು ಕಾಣದೆಯೇ ಅದು ದೊಡ್ಡದೋ ಮರಿಯೋ ಎಂದು ತಿಳಿಯುತ್ತದೆ.

36,000 ಕಿ.ಮೀ. ಮೇಲಿನಿಂದ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋದರೆ ದೊಡ್ಡ ದೊಡ್ಡ ತಟ್ಟೆ ಆಂಟೆನಾಗಳು ಕಾಣುತ್ತವೆ. ಅದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, 1982ರಿಂದ ಇದೆ. ಭೂಮಿಯ ಜೊತೆಯಲ್ಲೇ ಸುತ್ತುತ್ತ ಒಂದೇ ಕಡೆ ನಿಂತ ಹಾಗೆ ಕಾಣುವ ನಮ್ಮ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. 2013ರ ಇನ್‌ಸ್ಯಾಟ್-3ಡಿ, 2016ರ 3ಡಿಆರ್, 2024ರ 3ಡಿಎಸ್ ಹವಾಮಾನಕ್ಕೆಂದೇ ಹಾರಿಸಿದವು. ಟಿವಿಯಲ್ಲಿ ಕಾಣುವ ಮೋಡದ ಚಿತ್ರ ಇಂಥ ಉಪಗ್ರಹಗಳದ್ದೇ.

ಆ ಚಿತ್ರದಲ್ಲಿ ಮಳೆ ಕಾಣುವುದಿಲ್ಲ. ಉಪಗ್ರಹದ ಅವಗೆಂಪು (ಇನ್‌ಫ್ರಾರೆಡ್) ಕ್ಯಾಮೆರಾ ಅಳೆಯುವುದು ಮೋಡದ ನೆತ್ತಿಯ ಉಷ್ಣತೆಯನ್ನು. ಮೋಡ ಎತ್ತರಕ್ಕೆ ಬೆಳೆದಷ್ಟೂ ನೆತ್ತಿ ತಣ್ಣಗಿರುತ್ತದೆ. ನೆತ್ತಿ ತುಂಬ ತಣ್ಣಗಿದ್ದರೆ ಕೆಳಗೆ ಜೋರು ಮಳೆ ಇರಬಹುದು ಎಂದು ಲೆಕ್ಕ ಹಾಕುತ್ತಾರೆ. ಅಳತೆಯಿಂದ ಮಳೆಗೆ ಬರುವಷ್ಟರಲ್ಲಿ ನಡುವೆ ಒಂದು ತೀರ್ಮಾನ ಸೇರಿಕೊಂಡಿದೆ. ನಮ್ಮ ಘಟ್ಟದಲ್ಲಿ ಇದೇ ತೊಡಕು. ಮುಂಗಾರಿನ ಮೋಡ ಇಲ್ಲಿ ಹಲವು ಸಲ ಅಷ್ಟು ಎತ್ತರಕ್ಕೆ ಬೆಳೆಯದೆಯೇ, ಬೆಟ್ಟಕ್ಕೆ ತಾಗಿಕೊಂಡೇ ಧಾರಾಕಾರ ಸುರಿಯುತ್ತದೆ. ನೆತ್ತಿ ಬೆಚ್ಚಗಿರುವುದರಿಂದ ಉಪಗ್ರಹದ ಲೆಕ್ಕದಲ್ಲಿ ಮಳೆ ಕಡಿಮೆ ಬರುತ್ತದೆ. ಅದನ್ನು ತಿದ್ದಲು ನೆಲದ ಮೇಲಿನ ಮಳೆಮಾಪಕ ಬೇಕೇ ಬೇಕು.

ಮನೆಯಲ್ಲಿ ಅಳೆಯುವವರಿಗೆ

ರೇನ್ ಗೇಜ್ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲೂ ಮಾಡಬಹುದು. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಡಬ್ಬಿಯಾದರೆ ಒಳಗಿನ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದರೆ ಅದೇ ಮಳೆ. ಬಾಟಲಿಗೆ ದೊಡ್ಡ ಆಲಿಕೆ ಇಟ್ಟರೆ ಲೆಕ್ಕ ಬೇಕು: ಆಲಿಕೆಯ ಬಾಯಿಯ ವಿಸ್ತೀರ್ಣದಿಂದ ನೀರಿನ ಪ್ರಮಾಣವನ್ನು ಭಾಗಿಸಬೇಕು. ಬಾಯಿ 16 ಸೆಂ.ಮೀ. ಅಗಲ ಇದ್ದರೆ ವಿಸ್ತೀರ್ಣ ಸುಮಾರು 200 ಚದರ ಸೆಂ.ಮೀ. ಆಗ 20 ಮಿಲಿಲೀಟರ್ ನೀರಿಗೆ ಒಂದು ಮಿ.ಮೀ. ಮಳೆ. ಬಾಟಲಿಯಲ್ಲಿ 100 ಮಿಲಿಲೀಟರ್ ಇದ್ದರೆ 5 ಮಿ.ಮೀ., ತೋಟದ ಲೆಕ್ಕದಲ್ಲಿ ಇಪ್ಪತ್ತು ಸೆಂಟ್.

ಬಯಲಿನಲ್ಲಿ, ಅಲುಗಾಡದ ಹಾಗೆ, ಬಾಯಿ ಮಟ್ಟಸವಾಗಿರುವಂತೆ ಇಡಿ. ದಿನಾ ಒಂದೇ ಹೊತ್ತಿಗೆ ಓದಿ ಬರೆಯಿರಿ. ಒಂದೇ ಕಣಿವೆಯ ಐದಾರು ಮನೆಯವರು ಹೀಗೆ ಎಂಟೂವರೆಗೆ ಅಳೆದು ಹಂಚಿಕೊಂಡರೆ, ಯಾವ ಗುಡ್ಡದ ಯಾವ ಮಗ್ಗುಲಿಗೆ ಮಳೆ ಜಾಸ್ತಿ, ಯಾವ ಹಳ್ಳ ಎಷ್ಟು ಮಳೆಗೆ ತುಂಬುತ್ತದೆ ಎಂದು ಒಂದೆರಡು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಪಂಚಾಯಿತಿಗೆ ಒಂದೇ ಇರುವ ಮಾಪಕದಿಂದ ಅಷ್ಟು ವಿವರ ಸಿಗುವುದಿಲ್ಲ.